ನರ್ಸರಿಯವರನ್ನು ಕೇಳಿ: ಮನೆಯೊಳಗಿನ ಗಿಡ, ಪಾಟ್, ನೀರು

ಅಡ್ಮಿನ್: ಇವತ್ತು ಸಂಜೆ ನರ್ಸರಿಯವರು ಪ್ರಶ್ನೆಗಳಿಗೆ ಉತ್ತರಿಸ್ತಾರೆ. ಪಾಟ್ ಅಳತೆ, ಯಾವ ನೀರು, ಬೆಳಕು ಎಷ್ಟು ಅಂತ ಬರೀರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರಾಜಾಜಿನಗರ: ಸರ್, ಮನಿ ಪ್ಲಾಂಟ್‌ಗೆ ಎಷ್ಟು ದಿನಕ್ಕೊಮ್ಮೆ ನೀರು?

ನರ್ಸರಿಯವರು: ದಿನದ ಲೆಕ್ಕ ಇಟ್ಕೋಬೇಡಿ. ತೋರುಬೆರಳನ್ನ ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ರೆ ತಳದ ತೂತಿಂದ ಇಳಿಯೋ ತನಕ ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆ ನೀರು ಚೆಲ್ಲಿ. ಹಸಿ ಇದ್ರೆ ನಾಳೆ ನೋಡಿ.

ಹುಬ್ಬಳ್ಳಿ: ಸರ, ನಮ್ಮ ಆಂಥೂರಿಯಂ ಕೆಂಪು ಹೂವು ಬರ್ತಾ ಬರ್ತಾ ಹಸಿರು ಆಗಾಕತ್ತಾವ. ಯಾಕ್ರೀ?

ವಿಜಯನಗರ: ನಮಸ್ತೆ ಸರ್. ಮಾನ್‌ಸ್ಟೆರಾ ತಂದು ಮೂರು ತಿಂಗಳು. 14 ಇಂಚಿನ ಪಿಂಗಾಣಿ ಪಾಟ್, ತೂತಿಲ್ಲ, ಅದಕ್ಕೇ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದೀನಿ. ಕವರ್ ಹರಿದು ಕೆಂಪು ಮಣ್ಣಿನ ಉಂಡೆ ಸಮೇತ ಇಟ್ಟು, ಸುತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದೆ. ಈಗ ಎಲೆ ಜೋತು ಬಿದ್ದಿವೆ, ಕಪ್ಪು ಕಲೆ, ಸುತ್ತ ಹಳದಿ. ಬಾಡ್ತಿದೆಯಲ್ಲ ಅಂತ ದಿನಾ ಅರ್ಧ ಲೀಟರ್ ಹಾಕ್ತಿದೀನಿ. ಮೊನ್ನೆಯಿಂದ ಒಂಥರಾ ವಾಸನೆ.

ನರ್ಸರಿಯವರು: ಮೇಡಂ, ನೀರು ಈಗಲೇ ನಿಲ್ಲಿಸಿ. ಇವತ್ತು ರಾತ್ರಿಯೇ ಗಿಡ ಹೊರಗೆ ತೆಗೀರಿ. ಮಣ್ಣು ಹಸಿ ಇದ್ದೂ ಎಲೆ ಬಾಡಿದ್ರೆ ಬೇರು ಕೊಳೆತಿದೆ. ಕೊಳೆತ ಬೇರು ನೀರು ಎಳೆಯಲ್ಲ, ಎಲೆ ಬಾಡುತ್ತೆ, ನೀವು ಇನ್ನೂ ನೀರು ಹಾಕ್ತೀರಿ. ಬೇರಿಗೆ ಉಸಿರಾಡೋಕೆ ಗಾಳಿ ಬೇಕು. ಕಾಡಲ್ಲಿ ಮರ ಹತ್ತಿ ಬೆಳೆಯೋ ಬಳ್ಳಿ ಇದು. ಅದರ ಬೇರಿಗೆ ಕೆಸರು ಆಗಿಬರಲ್ಲ.

ಪಾಟ್ ಅಡ್ಡ ಮಲಗಿಸಿ, ಪಕ್ಕ ತಟ್ಟಿ ಜಾರಿಸಿ. ಕಾಂಡ ಹಿಡಿದು ಎಳೀಬೇಡಿ. ಆ ಕೆಂಪು ಉಂಡೆ ನರ್ಸರಿಯಲ್ಲಿ ಸಾಗಣೆಗೆ ಕಟ್ಟೋ ಜಿಗುಟು ಮಣ್ಣು. ಅದನ್ನ ಬಕೆಟ್ ನೀರಲ್ಲಿ ಅದ್ದಿ ಬೆರಳಿಂದ ಬಿಡಿಸಿ. ಆಮೇಲೆ ಒಂದೊಂದೇ ಬೇರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೀರಿ. ಮೇಲಿನ ಸಿಪ್ಪೆ ಕಾಲುಚೀಲದ ಥರ ಕಳಚಿ ಒಳಗೆ ದಾರ ಉಳಿದ್ರೆ ಅದು ಸತ್ತಿದೆ. ಗಟ್ಟಿಯಾಗಿದ್ರೆ, ಬಣ್ಣ ಕಂದು ಇದ್ರೂ ಪರವಾಗಿಲ್ಲ, ಇರಲಿ. ಕತ್ತರಿಗೆ ಸ್ಪಿರಿಟ್ ಒರೆಸಿ, ಒಳಗೆ ಬಿಳಿ ಕಾಣೋ ತನಕ ಕೊಳೆತದ್ದನ್ನ ಕತ್ತರಿಸಿ. ಎರಡು ಮೂರು ಗಂಟೆ ನೆರಳಲ್ಲಿಡಿ, ಗಾಯ ಒಣಗಲಿ.

ಉಳಿದ ಬೇರಿನ ಗಂಟಿಗಿಂತ ಎರಡು ಇಂಚು ಮಾತ್ರ ಅಗಲ ಇರೋ ಪಾಟ್ ತಗೊಳ್ಳಿ, ತೂತು ಇರಲೇಬೇಕು. ನಿಮ್ಮದಕ್ಕೆ ಆರು ಇಂಚು ಸಾಕಾಗಬಹುದು. ದೊಡ್ಡ ಪಾಟಲ್ಲಿ ಬೇರಿಲ್ಲದ ಮಣ್ಣು ವಾರಗಟ್ಟಲೆ ಹಸಿಯಾಗೇ ಇರುತ್ತೆ. ಮಿಶ್ರಣ: ಎರಡು ಸಲ ತೊಳೆದು ಹಿಂಡಿದ ಕೋಕೋಪೀಟ್ 2 ಪಾಲು, ತೆಂಗಿನ ಸಿಪ್ಪೆ ಚೂರು 2, ಪರ್ಲೈಟ್ (ಮಣ್ಣು ಸಡಿಲ ಇರೋಕೆ ಹಾಕೋ ಹಗುರ ಬಿಳಿ ಹರಳು) 1, ಒಂದು ಹಿಡಿ ಇದ್ದಿಲು ಚೂರು. ಹಳೇ ಮಣ್ಣು ಬೇಡ. ಎರೆಗೊಬ್ಬರ, ಹಿಂಡಿ ಯಾವುದೂ ಈಗ ಬೇಡ. ಹೊಸ ಎಲೆ ಬಂದ ಮೇಲೆ ನೋಡೋಣ. ಒಂದು ಸಲ ಚೆನ್ನಾಗಿ ನೀರು ಕೊಟ್ಟು ಪಾಟ್ ಎತ್ತಿ ನೋಡಿ, ಆ ಭಾರ ಕೈಗೆ ನೆನಪಿರಲಿ. ಎತ್ತಿದಾಗ ಹಗುರ ಅನ್ನಿಸೋ ತನಕ ಮತ್ತೆ ಹಾಕಬೇಡಿ. ಕಿಟಕಿ ಪಕ್ಕ ಇಡಿ, ಬಿಸಿಲು ನೇರ ಬೀಳಬಾರದು.

ಕಾಂಡದ ಬುಡ ಒತ್ತಿದ್ರೆ ಮೆತ್ತಗಿದೆಯಾ? ಅದನ್ನ ಮೊದಲು ಹೇಳಿ.

ಬನಶಂಕರಿ: ಕೊಳೆತ ಬೇರಿಗೆ ಅರಿಶಿನ, ದಾಲ್ಚಿನ್ನಿ ಹಚ್ಚಿ, ಮೂರು ದಿನ ಅಕ್ಕಿ ತೊಳೆದ ನೀರು ಹಾಕಿ, ನೂರಕ್ಕೆ ನೂರು ಸರಿಹೋಗುತ್ತೆ. (ಫಾರ್ವರ್ಡ್ ಆಗಿ ಬಂದಿದ್ದು)

ನರ್ಸರಿಯವರು: ಬೇಡ. ಅಕ್ಕಿ ನೀರಿನ ಗಂಜಿ ಹಸಿ ಮಣ್ಣಲ್ಲಿ ಹುಳಿ ಬರುತ್ತೆ, ಬೂಷ್ಟು ಕಟ್ಟುತ್ತೆ. ಕೊಳೆಯೋ ಗಿಡಕ್ಕೆ ಇನ್ನಷ್ಟು ಕೊಳೆ ಕೊಟ್ಟ ಹಾಗೆ. ಬೇರಿಗೆ ದಾಲ್ಚಿನ್ನಿ ಪುಡಿ ಹಚ್ಚಿದ್ರೆ ಚೆನ್ನಾಗಿರೋ ತುದಿಯೂ ಒಣಗುತ್ತೆ.

ದಾವಣಗೆರೆ: ಸರ್ ಜೆಡ್‌ಜೆಡ್ ಪ್ಲಾಂಟ್‌ಗೆ ನೀರು ಎಷ್ಟು ದಿನಕ್ಕೊಮ್ಮೆ?

ನರ್ಸರಿಯವರು: ಮಣ್ಣು ಪೂರ್ತಿ ಒಣಗಿದ ಮೇಲೆ. ಬುಡದ ಗೆಡ್ಡೆಯಲ್ಲೇ ನೀರು ಕೂಡಿಟ್ಟಿರುತ್ತೆ.

ಮೈಸೂರು: ಜಲ್ಲಿ ಹಾಕಿದ್ದು ತಪ್ಪು ಅಂತ ನೀವು ಹೇಳಲೇ ಇಲ್ಲ. ನಮ್ಮಲ್ಲಿ ಮೊದಲಿಂದಲೂ ಜಲ್ಲಿ, ಹೆಂಚಿನ ಚೂರು ಹಾಕೇ ಗಿಡ ಇಡೋದು.

ಮಂಗಳೂರು: ಅದು ಜಲ್ಲಿಯಿಂದ ಬದುಕಿದ್ದಲ್ಲ ಮಾರಾಯ್ರೆ, ಮಣ್ಣಿನ ಕುಂಡದಿಂದ. ಅದು ಪಕ್ಕದಿಂದ ಕೂಡ ಆರ್ತದೆ. ಪಿಂಗಾಣಿ ಆರುದಿಲ್ಲ.

ಮೈಸೂರು: ನಾನು ಸರ್‌ನ ಕೇಳಿದ್ದು.

ನರ್ಸರಿಯವರು: ಮಂಗಳೂರಿನವರು ಹೇಳಿದ್ದು ಸರಿ. ಮಣ್ಣು ಜಾರದ ಹಾಗೆ ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲು ಹಾಕೋದು ಬೇರೆ, ಜಲ್ಲಿ ಹಾಸೋದು ಬೇರೆ. ಪಾತ್ರೆ ತೊಳೆಯೋ ಸ್ಪಂಜ್ ಪೂರ್ತಿ ನೆನೆಸಿ, ಮಲಗಿಸಿದ ಹಾಗೆ ಅಂಚು ಹಿಡೀರಿ. ತೊಟ್ಟಿಕ್ಕೋದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ, ಮತ್ತೆ ತೊಟ್ಟಿಕ್ಕುತ್ತೆ. ಮಣ್ಣೂ ಹಾಗೇ, ಎತ್ತರ ಇದ್ದಷ್ಟೂ ನೀರು ಇಳಿಯುತ್ತೆ. ಜಲ್ಲಿ ಹಾಕಿದ್ರೆ ಮಣ್ಣಿನ ಎತ್ತರ ಎರಡು ಇಂಚು ಕಡಿಮೆ, ನೀರು ನಿಲ್ಲೋ ಜಾಗ ಬೇರಿಗೆ ಎರಡು ಇಂಚು ಹತ್ತಿರ.

ಜೆ.ಪಿ. ನಗರ: ಕಲಾಥಿಯಾ ಎಲೆ ತುದಿ ಸುಟ್ಟ ಹಾಗಿದೆ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗೋ ವೇಸ್ಟ್ ನೀರು ಹಾಕ್ತೀನಿ.

ನರ್ಸರಿಯವರು: ಅದೇ ಕಾರಣ. ಫಿಲ್ಟರ್ ತೆಗೆದ ಉಪ್ಪೆಲ್ಲ ಆ ನೀರಲ್ಲೇ ಇರುತ್ತೆ. ಪಾಟ್ ಅಂಚಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ. ಬಾತ್‌ರೂಮಲ್ಲಿಟ್ಟು, ಪಾಟ್ ಹಿಡಿಯೋ ನೀರಿನ ಮೂರು ನಾಲ್ಕು ಪಟ್ಟು ಒಳ್ಳೇ ನೀರು ನಿಧಾನವಾಗಿ ಹಾಯಿಸಿ. ಫಿಲ್ಟರ್‌ನ ವೇಸ್ಟ್ ನೀರಲ್ಲಿ ನೆಲ ಒರೆಸಿ.

ಜೆ.ಪಿ. ನಗರ: ಹಾಗಾದ್ರೆ ಕಾವೇರಿ ನೀರು ಗಿಡಕ್ಕೆ ಸುರೀಬೇಕಾ? 2024ರ ಮಾರ್ಚಲ್ಲಿ ಜಲಮಂಡಳಿ 5,000 ರೂಪಾಯಿ ದಂಡ ಅಂದಿತ್ತಲ್ಲ, ಮರೆತ್ರಾ?

ಮಂಗಳೂರು: ಏಸಿಯಿಂದ ಬೀಳುವ ನೀರು ಹಿಡಿದಿಡಿ. ಅದರಲ್ಲಿ ಉಪ್ಪು ಇಲ್ಲವೇ ಇಲ್ಲ ಅಂತ ಹೇಳಬಹುದು.

ಜೆ.ಪಿ. ನಗರ: ಎಲ್ಲರ ಮನೇಲೂ ಏಸಿ ಇರಲ್ಲ ಸ್ವಾಮಿ.

ಮಂಗಳೂರು: ಆರ್‌ಒ ಉಂಟಲ್ಲ!

ಅಡ್ಮಿನ್: ಇಬ್ಬರೂ ಸ್ವಲ್ಪ ಸುಮ್ಮನಿರಿ.

ಬನಶಂಕರಿ: ಪಾಟ್ ಸುತ್ತ ಗುಂಗುರು ಹಾರ್ತಿವೆ. ಟೀ ಚರಟ ಹಾಕಿದ್ರೆ ಹೋಗುತ್ತಂತೆ?

ನರ್ಸರಿಯವರು: ಹೋಗಲ್ಲ, ಹೆಚ್ಚುತ್ತೆ. ಹಸಿ ಮಣ್ಣಲ್ಲಿ ಬೆಳೆಯೋ ಬೂಷ್ಟು ತಿಂದೇ ಅದರ ಮರಿ ಹುಳ ಬದುಕೋದು. ಮೇಲಿನ ಎರಡು ಇಂಚು ಒಣಗಿಸಿ, ಹಳದಿ ಅಂಟು ಹಾಳೆ ಚುಚ್ಚಿ, ನಾಲ್ಕು ವಾರ ಬಿಡಬೇಡಿ. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ.

ಬನಶಂಕರಿ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ತುಮಕೂರು: ಸರ್, ಸ್ನೇಕ್ ಪ್ಲಾಂಟ್‌ಗೆ ಎಷ್ಟು ದಿನಕ್ಕೊಮ್ಮೆ ನೀರು?

ನರ್ಸರಿಯವರು: ಮೇಲೆ ಓದಿ, ಜೆಡ್‌ಜೆಡ್‌ಗೆ ಹೇಳಿದ್ದೇ.

ವಿಜಯನಗರ: ಸರ್, ತೆಗೆದೆ. ಮುಕ್ಕಾಲು ಬೇರು ನೀವು ಹೇಳಿದ ಹಾಗೇ ಕಳಚಿ ಬಂತು. ಬುಡ ಎರಡು ಇಂಚು ಮೆತ್ತಗೆ, ಕಂದು. ಅದರ ಮೇಲೆ ಗಟ್ಟಿ ಇದೆ, ಒಂದು ಗಾಳಿ ಬೇರು ಬಂದಿದೆ.

ನರ್ಸರಿಯವರು: ಹಾಗಾದ್ರೆ ಬುಡದ ಆಸೆ ಬಿಡಿ. ಗಾಳಿ ಬೇರು ಹೊರಟ ಗೆಣ್ಣಿಗಿಂತ ಒಂದು ಇಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಜಾಗ ಪೂರ್ತಿ ಹಸಿರು-ಬಿಳಿ ಇರಬೇಕು. ಕಂದು ಚುಕ್ಕಿ ಕಂಡ್ರೆ ಕತ್ತರಿ ಒರೆಸಿ ಇನ್ನೂ ಮೇಲೆ ಕತ್ತರಿಸಿ, ಆದರೆ ಗೆಣ್ಣು ಬಿಟ್ಟುಕೊಡಬೇಡಿ. ಒಂದು ರಾತ್ರಿ ಒಣಗಲಿ. ನಾಳೆ ಗಾಜಿನ ಲೋಟದಲ್ಲಿ ಗಾಳಿ ಬೇರು, ಗೆಣ್ಣು ಮಾತ್ರ ಮುಳುಗೋ ಹಾಗೆ ನೀರಲ್ಲಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಹೊಸ ಬೇರು ಎರಡು ಇಂಚಾದ ಮೇಲೆ ಆರು ಇಂಚಿನ ಪಾಟ್ ಕೂಡ ಬೇಡ, ನಾಲ್ಕು ಇಂಚಿನದು ಸಾಕು. ಕತ್ತರಿಸಿದ ಜಾಗದ ಫೋಟೋ ಹಾಕಿ.

ವಿಜಯನಗರ: ಹಾಕ್ತೀನಿ ಸರ್. ಪಿಂಗಾಣಿ ಪಾಟ್ ಏನು ಮಾಡ್ಲಿ?

ನರ್ಸರಿಯವರು: ಟೈಲ್ ಬಿಟ್ ಹಾಕಿ, ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ, ನೀರು ಸುರೀತಾ ತಳಕ್ಕೆ ತೂತು ಕೊರೆಸಿ. ಇಲ್ಲಾಂದ್ರೆ ಛತ್ರಿ ಇಡೋಕೆ ಬಳಸಿ.

ಮೈಸೂರು: ನಾನು ಜಲ್ಲಿ ಹಾಕೇ ಹಾಕ್ತೀನಿ.

ಹುಬ್ಬಳ್ಳಿ: ಸರ, ಆಂಥೂರಿಯಂ?