ಸಿಡಿ4 ಒಂದೇ ಸಾಲದೆ? ಎಚ್‌ಐವಿಗೆ ಸಿಸಿಆರ್5 ಯಾಕೆ ಬೇಕು?

ಪ್ರಶ್ನೆ:
ಎಚ್‌ಐವಿ ಸಹಾಯಕ ಟಿ ಕೋಶದ (ರೋಗನಿರೋಧಕ ಬಿಳಿ ರಕ್ತಕೋಶ) ಮೇಲಿರುವ ಸಿಡಿ4 ಎಂಬ ಪ್ರೋಟೀನಿಗೆ ಅಂಟಿ ಒಳಹೋಗುತ್ತದೆ ಎಂದಷ್ಟೇ ಪಾಠಗಳಲ್ಲಿ ಹೇಳುತ್ತಾರೆ. ಹಾಗಾದರೆ ಸಿಸಿಆರ್5, ಸಿಎಕ್ಸ್‌ಸಿಆರ್4 ಎಂಬ ಸಹಗ್ರಾಹಕಗಳ ಕೆಲಸವೇನು? ಔಷಧ ಕೊಟ್ಟು ಸಿಸಿಆರ್5 ಮುಚ್ಚಿಬಿಟ್ಟರೆ ಸೋಂಕು ನಿಲ್ಲಬೇಕಲ್ಲವೇ?

ಉತ್ತರ 1:
ಸಿಡಿ4 ಒಂದೇ ಸಾಲದು ಅನ್ನುವುದು 1986ರಲ್ಲೇ ಗೊತ್ತಾಗಿತ್ತು. ಇಲಿಯ ಕೋಶಗಳಿಗೆ ಮನುಷ್ಯರ ಸಿಡಿ4 ಜೀನ್ ಸೇರಿಸಿ ನೋಡಿದರು. ವೈರಸ್ ಬಂದು ಅಂಟಿತು, ಒಳಗೆ ಹೋಗಲಿಲ್ಲ. ಕೊರತೆಯಿದ್ದ ಪ್ರೋಟೀನ್, ಅಂದರೆ ಸಹಗ್ರಾಹಕ, ಸಿಕ್ಕಿದ್ದು 1996ರಲ್ಲಿ. ಮೊದಲು ಸಿಎಕ್ಸ್‌ಸಿಆರ್4, ಕೆಲವೇ ವಾರಗಳಲ್ಲಿ ಸಿಸಿಆರ್5.

ವೈರಸ್ಸಿನ ಪ್ರತಿ ಮುಳ್ಳಿನಲ್ಲೂ ಮೂರು ಜಿಪಿ120 ಪ್ರೋಟೀನುಗಳು, ಅವುಗಳ ಬುಡದಲ್ಲಿ ಮೂರು ಜಿಪಿ41 ಪ್ರೋಟೀನುಗಳು ಇರುತ್ತವೆ. ಜಿಪಿ120 ಹೋಗಿ ಸಿಡಿ4ರ ತುದಿಭಾಗ ಡಿ1ಕ್ಕೆ ಕೂತ ಮೇಲೆ ಅದರ ಆಕಾರವೇ ಬದಲಾಗುತ್ತದೆ: ವಿ1-ವಿ2 ಭಾಗ ಪಕ್ಕಕ್ಕೆ ಸರಿದು ವಿ3 ಕುಣಿಕೆ ಹೊರಚಾಚುತ್ತದೆ. ಸಹಗ್ರಾಹಕವನ್ನು ಹಿಡಿಯುವ ಜಾಗ ರೂಪುಗೊಳ್ಳುವುದೇ ಆಗ. ಅಲ್ಲಿಯತನಕ ಅದು ಮರೆಯಲ್ಲಿರುವುದರಿಂದ ನಮ್ಮ ಪ್ರತಿಕಾಯಗಳಿಗೂ ಸುಲಭವಾಗಿ ಎಟುಕುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ವೈರಸ್ಸಿಗೆ ಅತಿ ದೊಡ್ಡ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ವಿ3 ಸಿಸಿಆರ್5ಗೆ ಕೂತರೆ ಜಿಪಿ41ರ ತುದಿ ಕೋಶದ ಪೊರೆಗೆ ನಾಟುತ್ತದೆ. ಆಮೇಲೆ ಜಿಪಿ41 ಮಡಚಿಕೊಂಡು ಆರು ಸುರುಳಿಗಳ ಕಟ್ಟಾಗುತ್ತದೆ; ಆ ಎಳೆತಕ್ಕೆ ಎರಡು ಪೊರೆಗಳೂ ಒಂದಕ್ಕೊಂದು ಬೆಸೆಯುತ್ತವೆ. ಎನ್‌ಫುವಿರ್ಟೈಡ್ ಎಂಬ 36 ಅಮೈನೋ ಆಮ್ಲಗಳ ಚುಚ್ಚುಮದ್ದು ತಡೆಯುವುದು ಈ ಮಡಚುವಿಕೆಯನ್ನೇ.

ಉತ್ತರ 2:
ಸಿಸಿಆರ್5 ಮುಚ್ಚುವ ಮಾತ್ರೆ ಇದೆ: ಮರಾವಿರಾಕ್, ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು. ವೈರಸ್ ಕೂರುವ ಜಾಗಕ್ಕೆ ಇದು ನೇರ ಅಡ್ಡ ನಿಲ್ಲುವುದಿಲ್ಲ. ಪೊರೆಯೊಳಗಿನ ಗುಳಿಯಲ್ಲಿ ಸೇರಿಕೊಂಡು ಸಿಸಿಆರ್5ರ ಹೊರಭಾಗದ ಆಕಾರವನ್ನು ಕೆಡಿಸುತ್ತದೆ.

ಆದರೆ ಶುರು ಮಾಡುವ ಮೊದಲು ಟ್ರೋಪಿಸಂ ಪರೀಕ್ಷೆ (ವೈರಸ್ ಯಾವ ಸಹಗ್ರಾಹಕ ಬಳಸುತ್ತದೆ ಎಂದು ನೋಡುವುದು) ಆಗಲೇಬೇಕು. ರಕ್ತದಲ್ಲಿ ಸಿಎಕ್ಸ್‌ಸಿಆರ್4 ಬಳಸುವ ವೈರಸ್ ಸ್ವಲ್ಪ ಇದ್ದರೂ ಮಾತ್ರೆ ಅದನ್ನು ಮುಟ್ಟುವುದಿಲ್ಲ, ಅದೇ ಬೆಳೆದು ನಿಲ್ಲುತ್ತದೆ. ವಿ3ಯ 11 ಅಥವಾ 25ನೇ ಸ್ಥಾನದಲ್ಲಿ ಧನ ವಿದ್ಯುದಂಶದ ಅಮೈನೋ ಆಮ್ಲ ಕಂಡರೆ ಅಂಥ ವೈರಸ್ ಇದೆಯೆಂದು ಅನುಮಾನ ಪಡಬೇಕು. ಇನ್ನೊಂದು ಸೋಲೂ ಉಂಟು: ವಿ3 ಮಾರ್ಪಾಡಾಗಿ, ಔಷಧ ಕೂತಿರುವ ಸಿಸಿಆರ್5ನ್ನೇ ಬಳಸಿಕೊಳ್ಳುವ ವೈರಸ್.

ಪ್ರಮಾಣವೂ ಜೊತೆಯ ಔಷಧಗಳ ಮೇಲೆ ನಿಂತಿದೆ. ಸಾಮಾನ್ಯವಾಗಿ ದಿನಕ್ಕೆರಡು ಸಲ 300 ಮಿ.ಗ್ರಾಂ. ಮರಾವಿರಾಕನ್ನು ಒಡೆಯುವ ಯಕೃತ್ತಿನ ಸಿವೈಪಿ3ಎ ಕಿಣ್ವವನ್ನು ಬಲವಾಗಿ ತಡೆಯುವ ಔಷಧ ಜೊತೆಗಿದ್ದರೆ 150. ಅಂಥದ್ದಿಲ್ಲದೆ, ಆ ಕಿಣ್ವವನ್ನು ಹೆಚ್ಚಿಸುವ ರಿಫಾಂಪಿಸಿನ್ (ಕ್ಷಯದ ಔಷಧ) ಅಥವಾ ಎಫವಿರೆಂಜ್ (ಎಚ್‌ಐವಿ ಔಷಧ) ಇದ್ದರೆ 600. ಕ್ಷಯಕ್ಕೂ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಇದನ್ನು ಮರೆತರೆ ರಕ್ತದಲ್ಲಿ ಔಷಧದ ಮಟ್ಟ ಕುಸಿಯುತ್ತದೆ.

ಉತ್ತರ 3:
ಹುಟ್ಟಿನಿಂದಲೇ ಸಿಸಿಆರ್5 ಇಲ್ಲದವರೂ ಇದ್ದಾರೆ. ಡೆಲ್ಟಾ32, ಅಂದರೆ ಜೀನಿನಲ್ಲಿ 32 ಬೇಸ್ ಜೋಡಿಗಳು ಬಿಟ್ಟುಹೋಗಿರುವುದು. ತಂದೆ-ತಾಯಿ ಇಬ್ಬರಿಂದಲೂ ಇದು ಬಂದಿರುವವರು ಉತ್ತರ ಯುರೋಪ್ ಮೂಲದವರಲ್ಲಿ ಸುಮಾರು ಶೇ. 1, ಭಾರತದಲ್ಲಿ ತೀರಾ ಅಪರೂಪ. ಅಂಥ ದಾನಿಯ ಕಾಂಡಕೋಶಗಳನ್ನು ಬರ್ಲಿನ್‌ನಲ್ಲಿ ಪಡೆದ ಸೋಂಕಿತ ಟಿಮೊಥಿ ರೇ ಬ್ರೌನ್ ಎಚ್‌ಐವಿಯಿಂದ ಮುಕ್ತರಾದರು.

ಆದರೆ ಜರ್ಮನಿಯದೇ ಇನ್ನೊಂದು ಪ್ರಕರಣ, 2014ರಲ್ಲಿ ವರದಿಯಾದದ್ದು, ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ. ಅದೇ ಬಗೆಯ ಕಸಿ ಮಾಡಿ, ಎಚ್‌ಐವಿ ಔಷಧ ನಿಲ್ಲಿಸಿದ್ದರು. ವೈರಸ್ ಮರಳಿತು, ಈ ಸಲ ಸಿಎಕ್ಸ್‌ಸಿಆರ್4 ಮೂಲಕ.