ಗಾಜಿನ ಪೆಂಡೆಂಟ್ ಬೀರುವಿನಲ್ಲೇ ಒಡೆಯಿತು, ಯಾಕೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ಫ್ಯೂಸ್ಡ್ ಗ್ಲಾಸ್ ಒಡವೆ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ, ಒಂದು ಸಂಜೆ ಕೂತು ಉತ್ತರ ಹೇಳಿ ಎಂದು ಅಡ್ಮಿನ್ ಒತ್ತಾಯ ಮಾಡಿದರು. ಗೊತ್ತಿಲ್ಲದವರಿಗೆ: ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಕರೆಂಟ್ ಕುಲುಮೆಯಲ್ಲಿ, ಅಂದರೆ ಕಿಲ್ನ್‌ನಲ್ಲಿ ಕರಗಿಸಿ ಒಂದು ಮಾಡುವ ಕೆಲಸ ಇದು. ನಾನು ಹನ್ನೊಂದು ವರ್ಷದಿಂದ ಮೈಸೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಇದನ್ನೇ ಮಾಡುತ್ತಿದ್ದೇನೆ. ಕೇಳಿ.

ಪ್ರಶ್ನೆ (ಶಿವಮೊಗ್ಗದಿಂದ): ಅಕ್ಕ, ಆರು ತಿಂಗಳಿಂದ ಪೆಂಡೆಂಟ್ ಮಾಡಿ ಮಾರುತ್ತಿದ್ದೇನೆ. ಅಡಿಗೆ ಕಿಟಕಿ ಗಾಜು, ಮೇಲೆ ಅಮ್ಮನ ಹಳೇ ಬಳೆ ಚೂರು. ಕಿಲ್ನ್‌ನಿಂದ ತೆಗೆದಾಗ ಎಷ್ಟು ಚೆಂದ ಇರುತ್ತದೆ ಗೊತ್ತಾ! 14 ಮಾರಿದೆ, 3 ಒಡೆದು ವಾಪಸ್ ಬಂದಿವೆ. ಒಬ್ಬರದ್ದಂತೂ ಬೀರುವಿನಲ್ಲಿ ಇಟ್ಟಲ್ಲೇ ಎರಡು ತುಂಡಾಗಿದೆಯಂತೆ. "ದೇವರಾಣೆ ಬೀಳಿಸಿಲ್ಲ" ಅನ್ನುತ್ತಾರೆ. ನಂಬಬಹುದಾ?

ಉತ್ತರ: ನಂಬಿ ತಂಗಿ. ಅವರು ಬೀಳಿಸಿಲ್ಲ.

ಗಾಜು ಬಿಸಿಗೆ ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ. ಎಲ್ಲ ಗಾಜೂ ಒಂದೇ ಸಮ ಕುಗ್ಗುವುದಿಲ್ಲ. ನಮ್ಮ ಕೆಲಸದಲ್ಲಿ "90ರ ಗಾಜು", "96ರ ಗಾಜು" ಅನ್ನುವುದು ಇದಕ್ಕೇ. 90 ಅಂದರೆ ಒಂದು ಮೀಟರ್ ಉದ್ದದ ಗಾಜು ಒಂದು ಡಿಗ್ರಿ ಬಿಸಿಗೆ 9 ಮೈಕ್ರಾನ್ ಹಿಗ್ಗುತ್ತದೆ ಅಂತ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ತಯಾರಾಗುವ ಬುಲ್ಸ್‌ಐ ಗಾಜು 90ರದ್ದು. ಕಿಟಕಿ ಗಾಜು ಅದಕ್ಕಿಂತ ಕಡಿಮೆ ಹಿಗ್ಗುತ್ತದೆ. ಬಳೆಯ ಗಾಜಿನ ಲೆಕ್ಕ ಬಳೆ ಮಾಡಿದವನಿಗೇ ಗೊತ್ತು.

ಕರಗಿದಾಗ ಎರಡೂ ಅಂಟಿಕೊಳ್ಳುತ್ತವೆ. ಆರಿ ಗಟ್ಟಿಯಾಗುವಾಗ ಒಂದು ಜಾಸ್ತಿ ಕುಗ್ಗಲು ನೋಡುತ್ತದೆ, ಇನ್ನೊಂದು ಬಿಡುವುದಿಲ್ಲ. ಆ ಜಗ್ಗಾಟ ಒಳಗೇ ಉಳಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೂರು ದಿನಕ್ಕೋ ಮೂರು ತಿಂಗಳಿಗೋ ಒಂದು ರಾತ್ರಿ "ಟಿಕ್" ಅನ್ನುತ್ತದೆ, ಅಷ್ಟೇ.

ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ನಿಧಾನಕ್ಕೆ ತಿರುಗಿಸಿ. ಈಗ ಪೆಂಡೆಂಟನ್ನು ಪರದೆಗೂ ಕನ್ನಡಕಕ್ಕೂ ನಡುವೆ ತನ್ನಿ. ಗಾಜು ಚೆನ್ನಾಗಿದ್ದರೆ ಅದೂ ಕಪ್ಪಾಗೇ ಕಾಣುತ್ತದೆ. ಒಳಗೆ ಜಗ್ಗಾಟ ಇದ್ದರೆ ಜೋಡಿಸಿದ ಜಾಗದ ಸುತ್ತ ಬೆಳ್ಳಗೆ ಪ್ರಭಾವಳಿ ಥರ ಬೆಳಕು ಕಾಣುತ್ತದೆ. ಪಾರದರ್ಶಕ ಗಾಜಿಗೆ ಮಾತ್ರ ಇದು ನಡೆಯುವುದು ಅನ್ನುವುದು ನೆನಪಿರಲಿ.

ಅದೇ ಪ್ರಶ್ನೆಗೆ ಇನ್ನೊಬ್ಬರು: ಮೇಡಂ, ಹಾಗಾದರೆ 90 ಅಂತ ಬರೆದಿರುವ ಯಾವ ಕಂಪನಿಯ ಗಾಜನ್ನಾದರೂ ಸೇರಿಸಬಹುದಲ್ವಾ?

ಉತ್ತರ: ಕಣ್ಣು ಮುಚ್ಚಿ ಸೇರಿಸಬೇಡಿ. ಸಂಖ್ಯೆ ಒಂದೇ ಇದ್ದರೂ, ಆರುವಾಗ ಒಂದು ಗಾಜು ಬೇಗ ಗಟ್ಟಿಯಾಗಬಹುದು, ಇನ್ನೊಂದು ನಿಧಾನ ಮಾಡಬಹುದು. ನಾನು ಹೊಸ ಗಾಜು ಬಂದಾಗಲೆಲ್ಲ, ನನ್ನ ಬಣ್ಣವಿಲ್ಲದ ಗಾಜಿನ ಪಟ್ಟಿಯ ಮೇಲೆ ಹೊಸದರ ಉಗುರಿನಷ್ಟು ಚೂರು ಇಟ್ಟು ಕರಗಿಸಿ, ಇದೇ ಲ್ಯಾಪ್‌ಟಾಪ್ ಪರೀಕ್ಷೆ ಮಾಡುತ್ತೇನೆ. ಗಾಜಿನ ಡಬ್ಬಿಗಳ ಮೇಲೆ 90, 96, ಕಿಟಕಿ ಅಂತ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ. ಒಂದರ ಚೂರು ಇನ್ನೊಂದಕ್ಕೆ ಬಿದ್ದರೆ ಆಮೇಲೆ ದೇವರಿಗೂ ಗುರುತು ಸಿಗುವುದಿಲ್ಲ.

ಕಿಟಕಿ ಗಾಜನ್ನೇ ಬಳಸುವ ಆಸೆ ಇದ್ದರೆ ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನು ಮಾತ್ರ ಜೋಡಿಸಿ. ಬಣ್ಣಕ್ಕೆ ಗಾಜಿನ ಎನಾಮೆಲ್ ಪುಡಿ ಸಿಗುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂ, ನಾನು ಎಲ್ಲಾ 90ರ ಗಾಜೇ ಹಾಕಿದ್ದು. ಆದರೂ ನಡುವೆ ಬಿರುಕು. 800 ಡಿಗ್ರಿಗೆ ಹೋದ ಮೇಲೆ ಆಫ್ ಮಾಡಿ, ಬೇಗ ಆರಲಿ ಅಂತ ಬಾಗಿಲು ಸ್ವಲ್ಪ ತೆಗೆದಿಡುತ್ತೇನೆ. ತಪ್ಪಾ?

ಉತ್ತರ: ಅದೇ ತಪ್ಪು ಸರ್. ಬಿಸಿ ಬಾಣಲೆಗೆ ತಣ್ಣೀರು ಸುರಿದ ಹಾಗೆ.

ಮೇಲ್ಭಾಗ ಮೊದಲು ಆರುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಮತ್ತೆ ಅದೇ ಜಗ್ಗಾಟ. ಅದಕ್ಕೇ ಗಾಜನ್ನು ಒಂದು ಮಟ್ಟದಲ್ಲಿ ತಡೆದು ನಿಲ್ಲಿಸಿ, ಆಮೇಲೆ ಹದವಾಗಿ ಆರಿಸಬೇಕು. ಅನೀಲಿಂಗ್ ಅನ್ನುತ್ತಾರೆ. ಎರಡು ಪದರ, ಒಟ್ಟು 6 ಮಿಲಿಮೀಟರ್ ದಪ್ಪದ 90ರ ಗಾಜಿಗೆ ನಾನು ಹೀಗೆ ಮಾಡುತ್ತೇನೆ. ಗಂಟೆಗೆ 220 ಡಿಗ್ರಿಯಂತೆ 670ರ ತನಕ, ಅಲ್ಲಿ ಅರ್ಧ ಗಂಟೆ. ಪದರಗಳ ನಡುವಿನ ಗಾಳಿ ಹೋಗಲಿ ಅಂತ, ಇಲ್ಲದಿದ್ದರೆ ಗುಳ್ಳೆ ಬರುತ್ತದೆ. ಆಮೇಲೆ ಬೇಗ 804ಕ್ಕೆ, ಹತ್ತು ನಿಮಿಷ. ಅಲ್ಲಿಂದ ಬಾಗಿಲು ಮುಚ್ಚಿಕೊಂಡೇ 482ಕ್ಕೆ ಇಳಿಯಲು ಬಿಟ್ಟು, ಅಲ್ಲಿ ಒಂದು ಗಂಟೆ. ನಂತರ ಗಂಟೆಗೆ 80ರಂತೆ 370ರ ತನಕ. ಆಮೇಲೆ ಆಫ್ ಮಾಡಿ ಮಲಗಿಬಿಡಿ.

ಬೆಳಿಗ್ಗೆ ಕಾಫಿ ಕುಡಿದ ಮೇಲೆ ಬಾಗಿಲು ತೆಗೆಯಿರಿ. ನನಗೂ ಮೊದಲ ವರ್ಷ ತಡೆದುಕೊಳ್ಳಲು ಆಗುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಸುಮ್ನೆ ಒಂದು ಸಲ ಇಣುಕಿ ನೋಡಿದ್ದಕ್ಕೆ ಒಂದು ತಟ್ಟೆ ಓಲೆ ಪೂರ್ತಿ ಹೋಯಿತು.

ಇನ್ನೊಂದು ಮಾತು. ಇಲ್ಲೇ ಮಾಡಿಸಿಕೊಂಡ ಕಿಲ್ನ್ ಆದರೆ ಮೀಟರ್ ತೋರಿಸುವುದಕ್ಕೂ ಒಳಗಿನ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಮೊದಲು ಬೇಡದ ಚೂರುಗಳನ್ನು ಹಾಕಿ ನೋಡಿ. ನನ್ನ ಅಂಕಿಗಳನ್ನು ಹಾಗೇ ಇಳಿಸಿಕೊಳ್ಳಬೇಡಿ.

ಪ್ರಶ್ನೆ: ಅಕ್ಕ, ಮೈಕ್ರೋವೇವ್ ಒಳಗೆ ಇಡುವ ಪುಟ್ಟ ಕಿಲ್ನ್ ತಗೊಳ್ಳಲಾ? ರೇಟ್ ಕಡಿಮೆ.

ಉತ್ತರ: ಆಟ ಆಡಿ ಕಲಿಯಲು ಸರಿ. ಮಾರಲು ಬೇಡ. ಆರಿಸುವ ಹದ ನಿಮ್ಮ ಕೈಯಲ್ಲಿರುವುದಿಲ್ಲ. ಅಡುಗೆಯ ಮೈಕ್ರೋವೇವ್ ಅಂತೂ ಬೇಡವೇ ಬೇಡ, ಹಳೇದೊಂದನ್ನು ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ (ಮಂಗಳೂರಿನಿಂದ): ಎರಡು ತೊಂದರೆ ಮೇಡಂ. ಕೆಲವು ತುಂಡುಗಳ ಮೇಲೆ ಮಂಜು ಹಿಡಿದ ಹಾಗೆ ಮಾಸಲು. ಮತ್ತೆ, ಅಂಟಿಸಿದ ಕೊಂಡಿ ಕಳಚಿ ಬೀಳುತ್ತದೆ.

ಉತ್ತರ: ಮಾಸಲು ಅಂದರೆ ಮೇಲ್ಮೈಯಲ್ಲಿ ಸಣ್ಣ ಹರಳು ಕಟ್ಟಿದೆ. ಹೆಚ್ಚಾಗಿ ಕೈಯ ಜಿಡ್ಡು, ಅರೆದ ಪುಡಿ ಉಳಿದಿರುವುದೇ ಕಾರಣ. ಒಗ್ಗರಣೆ ಹಾಕಿದ ಕೈಯಲ್ಲೇ ಗಾಜು ಮುಟ್ಟುತ್ತೇವೆ, ಅಲ್ವಾ? ಸೋಪಿನ ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಚಿಮಟದಲ್ಲಿ ಹಿಡಿದೇ ಇಡಿ.

ಕೊಂಡಿಗೆ ಫೆವಿಕ್ವಿಕ್ ಥರದ ಅಂಟು ಬೇಡ. ಒಣಗಿದ ಮೇಲೆ ಪೆಡಸಾಗಿ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ಗಾಜಿನ ಹಿಂಬದಿಯನ್ನೂ ಕೊಂಡಿಯನ್ನೂ ಉಪ್ಪು ಕಾಗದದಿಂದ ಒರಟು ಮಾಡಿ. ಗಾಜನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಟ್ಯೂಬ್ ಕಲಸುವ ಎಪಾಕ್ಸಿ ಹಾಕಿ, ಇಡೀ ದಿನ ಮುಟ್ಟಬೇಡಿ. ನಾನು ಈಗ ಅಂಟಿನ ಗೋಜಿಗೇ ಹೋಗುವುದಿಲ್ಲ. ಎರಡು ಪದರದ ನಡುವೆ, ಕಿಲ್ನ್ ಬಿಸಿಗೂ ಸುಡದ ಫೈಬರ್ ಕಾಗದದ ಸಣ್ಣ ಪಟ್ಟಿ ಇಟ್ಟು ಕರಗಿಸುತ್ತೇನೆ. ಆಮೇಲೆ ಪಟ್ಟಿಯನ್ನು ನೀರಲ್ಲಿ ನೆನೆಸಿ ತೆಗೆದರೆ ದಾರ ಹೋಗುವ ತೂತು ಸಿದ್ಧ.

ಪ್ರಶ್ನೆ (ಬೆಂಗಳೂರಿನಿಂದ): ರೇಟ್ ಹೇಗೆ ಇಡುತ್ತೀರಿ? ನಾನು 250ಕ್ಕೆ ಕೊಡುತ್ತೇನೆ. ಕರೆಂಟ್ ಬಿಲ್ ನೆನೆಸಿಕೊಂಡರೇ ಭಯ.

ಉತ್ತರ: ಭಯ ಪಡಬೇಕಾದ್ದು ಕರೆಂಟಿಗಲ್ಲ. ಲೆಕ್ಕ ಮಾಡೋಣ. 2 ಕಿಲೋವ್ಯಾಟ್ ಕಿಲ್ನ್ ಬಿಡದೆ 4 ಗಂಟೆ ಉರಿದರೂ 8 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿಯಿರಿ, 64 ರೂಪಾಯಿ. ಅಂಚು ನಯ ಮಾಡಲು ಇನ್ನೊಂದು ಸಲ ಸುಟ್ಟರೆ 128. ಒಂದು ಸಲಕ್ಕೆ 16 ಪೆಂಡೆಂಟ್ ಹಿಡಿಯುತ್ತದೆ ಅನ್ನಿ. ಆದರೆ ಮಾರಲು ಲಾಯಕ್ಕಾಗಿ ಉಳಿಯುವುದು 12. ಭಾಗಿಸಬೇಕಾದ್ದು 12ರಿಂದ, 16ರಿಂದ ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ಆಗ ಒಂದಕ್ಕೆ ಕರೆಂಟ್ ಸುಮಾರು 11 ರೂಪಾಯಿ. ಗಾಜು ತಲಾ 60 ಅಂದರೆ 16ಕ್ಕೆ 960, ಅದನ್ನು 12ರಿಂದ ಭಾಗಿಸಿದರೆ 80. ಕತ್ತರಿಸಿ, ತೊಳೆದು, ಉಜ್ಜಿ, ಫೋಟೋ ತೆಗೆದು ಒಟ್ಟು 8 ಗಂಟೆ ಕೆಲಸ, ಗಂಟೆಗೆ 150ರಂತೆ 1200. ಅದು ತಲಾ 100. ದಾರ, ಡಬ್ಬಿ 60. ಒಟ್ಟು 251! ನೀವು ಒಂದು ರೂಪಾಯಿ ಕೈಯಿಂದ ಹಾಕಿ ಮಾರುತ್ತಿದ್ದೀರಿ. 450 ಇಟ್ಟರೆ, ಅಂಗಡಿಯವರು ಮೂರನೇ ಒಂದು ಪಾಲು ಹಿಡಿದರೂ ನಿಮಗೆ 300 ಉಳಿಯುತ್ತದೆ.

ಜಿಎಸ್‌ಟಿ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಕರ್ನಾಟಕದ ಒಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವುದಾದರೆ ನಿಯಮ ಬೇರೆ, ಆಡಿಟರ್ ಹತ್ತಿರ ಕೇಳಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ. ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಮತ್ತೆ ಶಿವಮೊಗ್ಗದಿಂದ: ಅಕ್ಕ, ಮನೆಯಲ್ಲಿ ಉಳಿದಿದ್ದನ್ನು ಲ್ಯಾಪ್‌ಟಾಪ್ ಮುಂದೆ ಹಿಡಿದು ನೋಡಿದೆ. ಒಂದೊಂದು ಬಳೆ ಚೂರಿನ ಸುತ್ತಲೂ ಬೆಳ್ಳಗೆ ಹೊಳೆಯಿತು. ಕೈಕಾಲೇ ಆಡಲಿಲ್ಲ. ಮಾರಿದ್ದರಲ್ಲಿ ಇನ್ನೂ 11 ಜನರ ಹತ್ತಿರ ಇವೆ. ಸುಮ್ಮನಿರಲಾ?

ಉತ್ತರ: ಸುಮ್ಮನಿರಬೇಡಿ. 11 ಜನಕ್ಕೂ ಮೆಸೇಜ್ ಹಾಕಿ, ವಾಪಸ್ ತರಿಸಿಕೊಳ್ಳಿ, ದುಡ್ಡು ಅಥವಾ ಹೊಸದು ಕೊಡಿ. ಕುತ್ತಿಗೆಯಲ್ಲಿ ಇರುವಾಗ ಒಡೆದರೆ ಅಂಚು ಬ್ಲೇಡಿನ ಹಾಗಿರುತ್ತದೆ. ನಾನೂ ಒಂದು ಸಲ ಹೀಗೇ ಒಂಬತ್ತು ಜೊತೆ ಓಲೆ ವಾಪಸ್ ತಗೊಂಡೆ. ಅವರಲ್ಲಿ ನಾಲ್ಕು ಜನ ಇವತ್ತಿಗೂ ನನ್ನ ಹತ್ತಿರವೇ ತಗೊಳ್ಳುತ್ತಾರೆ.

ಶಿವಮೊಗ್ಗದಿಂದ: ಆಯ್ತು ಅಕ್ಕ, ಇವತ್ತೇ ಹಾಕುತ್ತೇನೆ. ಅಮ್ಮನ ಬಳೆ ಇನ್ನೂ ಒಂದು ಡಬ್ಬಿ ಇದೆ. ಎಸೆಯಲು ಮನಸ್ಸು ಬರುತ್ತಿಲ್ಲ.

ಉತ್ತರ: ಎಸೆಯುವುದು ಯಾಕೆ? ಚಿಕ್ಕವರಿದ್ದಾಗ ಬಳೆ ಚೂರನ್ನು ಮೇಣದ ಬತ್ತಿಗೆ ಹಿಡಿದು, ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದೆವಲ್ಲ? ಅಲ್ಲಿ ಒಂದು ಬಳೆ ಇನ್ನೊಂದರೊಳಗೆ ಸುಮ್ಮನೆ ತೂಗಾಡುತ್ತದೆ, ಕರಗಿ ಬೆರೆಯುವುದಿಲ್ಲ. ಅದಕ್ಕೇ ಎರಡು ಗಾಜಿನ ನಡುವಿನ ಜಗ್ಗಾಟ ಇಲ್ಲ. ನಮ್ಮಜ್ಜಿ ಮನೆ ಬಾಗಿಲಿಗೆ ಅಂಥ ಸರಗಳ ಪರದೆಯೇ ಇತ್ತು. ಉದ್ದ ಓಲೆ ಮಾಡಿ ನೋಡಿ. ಇಕ್ಕಳದಲ್ಲಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತುದಿಗಳನ್ನು ವಜ್ರದ ಅರದಲ್ಲಿ ಒದ್ದೆ ಮಾಡಿ ಉಜ್ಜಿ. ಮೊದಲ ಜೊತೆಯ ಫೋಟೋ ಇಲ್ಲಿ ಹಾಕಿ.