ಎದೆನೋವು, ಟ್ರೋಪೊನಿನ್, ವಾಚಿನ ಇಸಿಜಿ: ಭಾನುವಾರ ರಾತ್ರಿಯ ಪ್ರಶ್ನೋತ್ತರ

ನಿರ್ವಾಹಕ (9:00): ಕುಮಟಾದ ಪೆಥಾಲಜಿ ಮೇಡಂ 10:30ರ ತನಕ ಸಿಗುತ್ತಾರೆ. ರಕ್ತದ ಪ್ರೋಟೀನ್ ಪರೀಕ್ಷೆ, ಮೈಗೆ ಹಚ್ಚುವ ಸೆನ್ಸರ್, ಇವುಗಳಿಂದ ಕಾಯಿಲೆ ಬೇಗ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ. ಫಾರ್ವರ್ಡ್ ಬೇಡ.

ಕಾಳಿತೀರ: ನಮಸ್ಕಾರ ಮೇಡಂ. ಅಮ್ಮನ ತೋಳಿಗೆ ಶುಗರ್ ಸೆನ್ಸರ್ ಹಚ್ಚಿದ್ದೇವೆ. ನಡುರಾತ್ರಿ 58 ಅಂತ ಕೂಗಿಕೊಳ್ಳುತ್ತದೆ. ಎಬ್ಬಿಸಿ ಸಕ್ಕರೆ ತಿನ್ನಿಸಿದರೆ ಬೆಳಿಗ್ಗೆ 240.

ಡಾಕ್ಟರ್: ಆ ತೋಳಿನ ಮೇಲೆ ಮಗ್ಗುಲಾಗಿ ಮಲಗುತ್ತಾರಾ ನೋಡಿ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಒತ್ತಿದರೆ ಸುಳ್ಳೇ ಇಳಿದಂತೆ ತೋರಿಸುತ್ತದೆ. ಕೂಗಿದಾಗ ಬೆರಳು ಚುಚ್ಚಿ ನೋಡಿ, ಅಲ್ಲೂ 70ರ ಕೆಳಗಿದ್ದರೆ ಸಕ್ಕರೆ ಕೊಡಿ. ಬೆವರಿ ತೊದಲುತ್ತಿದ್ದರೆ ಮಾತ್ರ ಅಳೆಯುತ್ತ ಕೂರಬೇಡಿ.

ಬಂದರುರಸ್ತೆ: ವಯಸ್ಸು 60, ಪಿಎಸ್ಎ 6.2. ಹೋದ ವಾರ ಉರಿಮೂತ್ರ ಇತ್ತು. ಕ್ಯಾನ್ಸರಾ?

ಡಾಕ್ಟರ್: ಪಿಎಸ್ಎ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್, ಉರಿಮೂತ್ರವಿದ್ದಾಗಲೂ ಏರುತ್ತದೆ. ಸೋಂಕು ಪೂರ್ತಿ ಹೋಗಿ 6 ವಾರ ಬಿಟ್ಟು ಮತ್ತೆ ಮಾಡಿಸಿ. ಆಗಲೂ ಹೆಚ್ಚಿದ್ದರೆ ಯುರಾಲಜಿಸ್ಟ್ ಹತ್ತಿರ ಹೋಗಿ.

ಪೇಟೆಮನೆ: ನನ್ನ ಹೆಂಡತಿಗೆ 38, ತೊಂದರೆ ಏನೂ ಇಲ್ಲ. ಫುಲ್ ಬಾಡಿ ಪ್ಯಾಕೇಜ್‌ನಲ್ಲಿ ಸಿಎ-125 ಅನ್ನೋ ಕ್ಯಾನ್ಸರ್ ಮಾರ್ಕರ್ ಕೂಡ ಇದೆ. ಮಾಡಿಸಲಾ?

ಡಾಕ್ಟರ್: ಬೇಡ. ಅದು ಮುಟ್ಟಿನ ದಿನಗಳಲ್ಲೂ ಏರುತ್ತದೆ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ ಏರುತ್ತದೆ. ದುಡ್ಡು ಕೊಟ್ಟು ಹೆದರಿಕೆ ತಂದುಕೊಳ್ಳುವುದು ಯಾಕೆ?

ಅಪ್ಪೆಮಿಡಿ (9:25): ಮೇಡಂ, ನಾವು ಸಿದ್ದಾಪುರದ ಕಡೆಯವರು. ಅಪ್ಪಯ್ಯಂಗೆ 64, ಶುಗರ್ ಇದೆ. ಏಳೂಕಾಲಿಗೆ ಅಡಿಕೆ ಸುಲಿತಾ ಮೆಟ್ಟುಗತ್ತಿ ಮುಂದೆ ಕೂತಿದ್ದಾಗ ಎದೆ ಬಿಗಿದ ಹಾಗಾಯ್ತು, ದವಡೆ ನೋವು, ಅಂಗಿ ಒದ್ದೆಯಾಗೋ ಅಷ್ಟು ಬೆವರು. ಜೀರಿಗೆ ಕಷಾಯ ಕೊಟ್ವಿ. 8:10ಕ್ಕೆ ಪೇಟೆ ಲ್ಯಾಬಲ್ಲಿ ಟ್ರೋಪೊನಿನ್ ಕಾರ್ಡ್ ಟೆಸ್ಟ್ ಮಾಡ್ಸಿದ್ವಿ, ನೆಗೆಟಿವ್. ತಮ್ಮ ಬೆಂಗಳೂರಿಂದ ಕಳಿಸಿದ ವಾಚಲ್ಲೂ ಇಸಿಜಿ ನಾರ್ಮಲ್. ಗ್ಯಾಸ್ ಅಂತ ಮನೆಗೆ ಬಂದ್ವಿ. ಈಗ ಮತ್ತೆ ಬೆವರ್ತಾ ಇದ್ದ. ಬೆಳಿಗ್ಗೆ ತನಕ ನೋಡಬಹುದಾ?

ಡಾಕ್ಟರ್: ಬೆಳಿಗ್ಗೆ ತನಕ ಬೇಡ. ಉಳಿದದ್ದನ್ನು ಆಮೇಲೆ ಓದಿ. ಈಗಲೇ 108ಕ್ಕೆ ಫೋನ್ ಮಾಡಿ. ತಡ ಅಂದರೆ ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಕಾರಲ್ಲಿ ತಾಲೂಕು ಆಸ್ಪತ್ರೆಗೆ ಹೋಗಿ. ಅಪ್ಪಯ್ಯನನ್ನು ನಡೆಸಬೇಡಿ.

ಡಾಕ್ಟರ್: ಗಾಡಿ ಹತ್ತಿದ ಮೇಲೆ ಓದಿ. ಟ್ರೋಪೊನಿನ್ ಹೃದಯದ ಸ್ನಾಯುವಿನ ಒಳಗಿರುವ ಪ್ರೋಟೀನ್. ಸ್ನಾಯು ಸಾಯತೊಡಗಿದ ಮೇಲೆ ರಕ್ತಕ್ಕೆ ಸೋರುತ್ತದೆ. ಕಾರ್ಡಿನಲ್ಲಿ ಗೆರೆ ಮೂಡುವಷ್ಟು ಸೋರಲಿಕ್ಕೆ ಮೂರು-ನಾಲ್ಕು ಗಂಟೆ, ಕೆಲವರಲ್ಲಿ ಇನ್ನೂ ತಡ. ನಿಮ್ಮಪ್ಪನ ರಕ್ತ ತೆಗೆದದ್ದು ನೋವು ಬಂದು 55 ನಿಮಿಷಕ್ಕೆ. ಅಷ್ಟರಲ್ಲಿ ನೆಗೆಟಿವ್ ಬಾರದೆ ಇನ್ನೇನು ಬಂದೀತು? ನೋವು ಎಷ್ಟು ಹೊತ್ತಿಗೆ ಬಂತು ಅಂತ ಆ ವರದಿಯಲ್ಲಿ ಬರೆದಿದ್ದಾರಾ? ಇರಲಿಕ್ಕಿಲ್ಲ. ನಾನು ಸಹಿ ಹಾಕಿದ ವರದಿಯೂ ಒಮ್ಮೆ ಹಾಗೇ ಹೋಗಿತ್ತು. ಆ ಮನೆಯವರೂ ನೆಗೆಟಿವ್ ಅಂತ ಊಟ ಮಾಡಿ ಮಲಗಿದ್ದರು. ಅಂದಿನಿಂದ ಹೊತ್ತು ಕೇಳದೆ ಸಿರಿಂಜ್ ಮುಟ್ಟಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ.
ವಾಚ್ ನೋಡುವುದು ಒಂದೇ ದಿಕ್ಕಿನಿಂದ, ಆಸ್ಪತ್ರೆಯ ಇಸಿಜಿ 12 ಕಡೆಯಿಂದ. ಹೃದಯದ ಬಡಿತ ತಾಳ ತಪ್ಪಿದರೆ ವಾಚ್ ಹಿಡಿದೀತು, ರಕ್ತನಾಳ ಕಟ್ಟಿಕೊಂಡರೆ ಹಿಡಿಯುವುದಿಲ್ಲ. ಶುಗರ್ ಇದ್ದ ಕೆಲವರಿಗೆ ನೋವೂ ನೆಟ್ಟಗೆ ಗೊತ್ತಾಗುವುದಿಲ್ಲ, ಬೆವರೂ ದೊಡ್ಡ ಲಕ್ಷಣ. ಅಲ್ಲಿ ಮೊದಲು ಇಸಿಜಿ ಕೇಳಿ. ಅದರಲ್ಲಿ ಸ್ಪಷ್ಟ ಕಂಡರೆ ಟ್ರೋಪೊನಿನ್‌ಗೆ ಕಾಯುವುದಿಲ್ಲ. ಕಾಣದಿದ್ದರೆ ಇಸಿಜಿ, ಟ್ರೋಪೊನಿನ್ ಎರಡೂ ಮತ್ತೆ ಆಗಬೇಕು. ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಕೇಳಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಅಪ್ಪೆಮಿಡಿ (9:41): ಪಕ್ಕದಮನೆ ಭಾವನ ಕಾರಲ್ಲಿ ಹೊರಟ್ವಿ.

ಶುಭೋದಯ: *ಎಲ್ಲರಿಗೂ ಕಳಿಸಿ* ಹೃದಯಾಘಾತವಾದಾಗ ಒಬ್ಬರೇ ಇದ್ದರೆ ಜೋರಾಗಿ ಕೆಮ್ಮುತ್ತಾ ಇರಿ, ಹೃದಯ ಮತ್ತೆ ಓಡುತ್ತದೆ. ಬೆಳ್ಳುಳ್ಳಿ ನೀರು ಬ್ಲಾಕ್ ಕರಗಿಸುತ್ತದೆ.

ಡಾಕ್ಟರ್: ಇದನ್ನು ಅಳಿಸಿ. ದಾರಿಯಲ್ಲಿರುವವರು ಓದಿ ಗಾಡಿ ನಿಲ್ಲಿಸಿ ಕೆಮ್ಮುತ್ತ ಕೂತರೆ ನೀವು ಜವಾಬ್ದಾರರಾ?

ಶುಭೋದಯ: ಬಂದದ್ದನ್ನು ಕಳಿಸಿದೆ ಮೇಡಂ, ಒಳ್ಳೇದಾಗಲಿ ಅಂತ. ನಮ್ಮಜ್ಜ ಬೆಳ್ಳುಳ್ಳಿ ತಿಂದೇ 90 ವರ್ಷ ಬದುಕಿದ್ದ.

ಡಾಕ್ಟರ್: ಚಟ್ನಿ ಮಾಡಿ ತಿನ್ನಿ. ಇಲ್ಲಿ ಹಾಕಬೇಡಿ.

ತದಡಿ: ಎಲ್ಲದಕ್ಕೂ ಮೂಲ ಒಂದೇ ಮಾರಾಯ್ರೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಅಂತ ಕೂಗಿದ್ದೇ ಬಂತು. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಘಟ್ಟದವರು ಹುಬ್ಬಳ್ಳಿಗೆ.

ಘಟ್ಟದವ: ನೀವು ಕೇಳೋದು ಕುಮಟಾಕ್ಕೆ. ನಾವು ಎದೆ ಹಿಡ್ಕೊಂಡು ದೇವಿಮನೆ ಘಾಟ್ ಇಳೀಬೇಕಾ?

ತದಡಿ: ಶಿರಸಿಯಲ್ಲಾದ್ರೆ ನಾವು ಅದೇ ಘಾಟ್ ಹತ್ತಬೇಕಲ್ಲ! ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಅದನ್ನೇ ಬೆಳೆಸಲಿ.

ಘಟ್ಟದವ: ಬಂದರು, ರೈಲು, ಕಾಲೇಜು ಎಲ್ಲ ಕೆಳಗೇ. ನಮಗೆ ಮಂಗನ ಕಾಯಿಲೆ ಒಂದು ಉಳಿಯಿತು.

ಕಾನುಮನೆ: ಮಂಗನ ಕಾಯಿಲೆಗೂ ಡೆಂಗ್ಯೂ ಎನ್ಎಸ್1 ತರ ಕಾರ್ಡ್ ಟೆಸ್ಟ್ ಇದೆಯಾ ಮೇಡಂ?

ತದಡಿ: ರೈಲು ಬಂದು ನಮ್ಮ ಗದ್ದೆ ಹೋಯ್ತು, ಅದನ್ನೂ ಹೇಳಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತಾಡಿದರೆ ಗುಂಪಿನಿಂದ ತೆಗೆಯುತ್ತೇನೆ.

ಘಟ್ಟದವ: ತೆಗೀರಿ.

ಪೇಟೆಮನೆ: ಮೇಡಂ, ಪ್ಯಾಕೇಜ್ ರಿಯಾಯಿತಿ ಇವತ್ತೇ ಕೊನೆ. ಸಿಎ-125 ಬಿಟ್ಟು ಉಳಿದದ್ದು?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಬಂದರುರಸ್ತೆ: 6 ವಾರ ಅಂದ್ರಲ್ಲ, 4 ವಾರಕ್ಕೆ ಮಾಡಿಸಿದ್ರೆ?

ಡಾಕ್ಟರ್: ಆರು.

ಅಪ್ಪೆಮಿಡಿ (10:34): ಇಸಿಜಿಯಲ್ಲಿ ಬದಲಾವಣೆ ಇದೆಯಂತೆ. ಶಿರಸಿಗೆ ಫೋನಲ್ಲಿ ಕೇಳಿ ಇಂಜೆಕ್ಷನ್ ಕೊಡ್ತಾ ಇದ್ದಾರೆ. ಅಪ್ಪಯ್ಯ ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟ.

ಡಾಕ್ಟರ್: ಏಳೂಕಾಲಿಗೆ ನೋವು ಬಂದದ್ದು, ಇಂಜೆಕ್ಷನ್ ಕೊಟ್ಟ ಹೊತ್ತು, ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಜೇಬಲ್ಲಿ ಇಟ್ಟುಕೊಳ್ಳಿ. ಮುಂದಿನ ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಕೇಳುತ್ತಾರೆ. ಮುಟ್ಟಿದ ಮೇಲೆ ನನಗೊಂದು ಮೆಸೇಜ್ ಹಾಕಿ, ಎಷ್ಟು ಹೊತ್ತಾದರೂ ಸರಿ.